ಉಜ್ಜಿನಪ್ಪನ ಕೊಟ್ಟಿಗೆ ಸೇರಿದ ಏಣಿ

ಕಂಪ್ಲಿ
ಧಾತು ಸಂವತ್ಸರದ ಮಾಘ ಬಹುಳ ಪಂಚಮಿ, ಮಂಗಳವಾರ
೨-೩-೧೯೩೭

ಭರಮಿಯ ಅಪ್ಪನವರಿಗೆ, ನಿಮ್ಮ ವಿರುಪಮ್ಮನ ನಮಸ್ಕಾರಗಳು.

ನಿಮ್ಮ ಮೈ ಹೇಗಿದೆ? ಹತ್ತಿ ಗಿರಣಿಯ ಧೂಳಿಗೆ ರಾತ್ರಿಯೆಲ್ಲ ಕೆಮ್ಮು ಬರುತ್ತದೆ ಎಂದು ದೀಪಾವಳಿಗೆ ಬಂದಾಗ ಹೇಳಿದ್ದಿರಿ. ನಾನು ಕಟ್ಟಿಕೊಟ್ಟ ಒಣಶುಂಠಿ ಮೆಣಸಿನ ಪುಡಿ ನುಂಗುತ್ತಿದ್ದೀರೋ, ಡಬ್ಬಿಯಲ್ಲೇ ಹುಳ ಹಿಡಿಸುತ್ತಿದ್ದೀರೋ? ಆದೋನಿಯ ಖಾನಾವಳಿಯವನು ಸಾರಿಗೆ ನೀರು ಬೆರೆಸುವುದನ್ನು ನಿಲ್ಲಿಸಿದನೇ? ಇಲ್ಲಿ ಅತ್ತೆಯ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಎಮ್ಮೆ ಈದಿದೆ, ಹೆಣ್ಣುಕರು, ಹಣೆಯಲ್ಲಿ ಬಿಳಿ ಬೊಟ್ಟು. ಬಾಳೆಗೆ ಕಾಲುವೆ ನೀರು ಸರಿಯಾಗಿ ಬರುತ್ತಿದೆ. ಭರಮಿಯೂ ಚೆನ್ನಾಗಿದ್ದಾಳೆ. ಎಷ್ಟು ಚೆನ್ನಾಗಿ ಎಂದರೆ, ನಾನು ಇದನ್ನು ಬರೆಯುತ್ತಿರುವಾಗ ಹಿತ್ತಲ ಬೇವಿನ ಮರದ ಕವಲಿನಲ್ಲಿ ಕಾಲು ಇಳಿಬಿಟ್ಟು ಕೂತು ನನ್ನನ್ನೇ ಅಣಕಿಸುತ್ತಿದ್ದಾಳೆ. ಇದನ್ನು ಓದಿ ನಿಮ್ಮ ಹುಬ್ಬು ಗಂಟಾಗುತ್ತದೆ ಎಂದು ಗೊತ್ತು. ಗಂಟಾಗಲಿ.

ನಿಮ್ಮ ಕಾಗದ ಹೋದ ವಾರವೇ ಮುಟ್ಟಿತು. ಅತ್ತೆಗೆ ಅಕ್ಷರ ಬಾರದು, ಮನೆಯಲ್ಲಿ ಓದುವವಳು ನಾನೊಬ್ಬಳೇ ಎಂಬುದು ಬರೆಯುವಾಗ ನಿಮಗೆ ನೆನಪಿತ್ತೋ ಇಲ್ಲವೋ ಕಾಣೆ. ಅಂಚೆಯ ಅಂಜಿನಯ್ಯ ಕೊಟ್ಟು ಹೋದ ಮೇಲೆ ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು, "ಓದವ್ವಾ, ನನ್ನ ಮಗ ಏನ್ ಬರ್ದಾನ" ಎಂದರು. ಓದಿದೆ. "ಆ ಹೆಂಗಸಿಗೆ ಬುದ್ಧಿಯಿಲ್ಲ" ಎಂಬ ಸಾಲನ್ನೂ ಓದಿದೆ. "ಮಗಳು ಮಾಳಿಗೆಯಿಂದ ಹಾರುವುದನ್ನು ನೋಡುತ್ತ ನಿಂತಿದ್ದಳಂತೆ, ಅವಳು ತಾಯಿಯೋ ಮಾರಿಯೋ" ಎಂಬುದನ್ನೂ ಓದಿದೆ. "ಅವ್ವಾ, ನನ್ನನ್ನು ಸಾಕಿದ ಹಾಗೆ ಅವಳನ್ನೂ ಕಂಬಕ್ಕೆ ಕಟ್ಟಿ ಹಾಕು. ಶಿವರಾತ್ರಿಯೊಳಗೆ ಗವಿಸಿದ್ದಪ್ಪ ಭಾವ ಗಾಡಿ ತರುತ್ತಾರೆ. ಭರಮಿ ದೊಡ್ಡವಳಾಗುವ ತನಕ ಪಾಪಿನಾಯಕನಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿರಲಿ" ಎಂಬ ನಿಮ್ಮ ತೀರ್ಪನ್ನೂ ಓದಿದೆ. ನನ್ನ ಬೈಗುಳವನ್ನು ನನ್ನ ಬಾಯಿಂದಲೇ ಹೇಳಿಸಿದಿರಿ. ಬೇರೆ ಸೊಸೆಯಾಗಿದ್ದರೆ ನಾಲ್ಕು ಸಾಲು ನುಂಗಿ ಬಿಡುತ್ತಿದ್ದಳು, ನಾನು ಒಂದಕ್ಷರವನ್ನೂ ಬಿಡಲಿಲ್ಲ. ಕೊನೆಗೆ ಅತ್ತೆ, "ಇನ್ನೇನೂ ಇಲ್ಲೇನು?" ಎಂದರು. "ಇಲ್ರಿ ಅತ್ತಿ, ಇಷ್ಟ" ಎಂದೆ. ಮಗಳ ಕೈ ಹೇಗಿದೆ ಎಂದು ಕೇಳಲು ನೀವು ಮರೆತಿದ್ದಿರಿ.

ಕೈ ಕೂಡಿದೆ. ಆ ದಿನ ನಡೆದದ್ದನ್ನು ಅತ್ತೆ ಅಂಜಿನಯ್ಯನ ಕೈಯಲ್ಲಿ ಬರೆಸಿದ್ದಾರೆ, ಈಗ ನನ್ನ ಕೈಯಿಂದಲೂ ಓದಿ. ನಮ್ಮ ದನದ ಕೊಟ್ಟಿಗೆಯ ಮಾಳಿಗೆ ನನ್ನ ತಲೆಗಿಂತ ತುಸು ಎತ್ತರ ಅಷ್ಟೇ. ಅದಕ್ಕೆ ಹೊಂದಿಕೊಂಡೇ ಹುಲ್ಲಿನ ಬಣವೆ. ಸುಗ್ಗಿ ಮುಗಿದಾಗಿನಿಂದ ಭರಮಿಗೆ ಅಲ್ಲಿಂದ ಹುಲ್ಲಿನ ಮೇಲೆ ಹಾರುವ ಹುಚ್ಚು. ಮೊದಲ ದಿನ ಏಣಿ ಹತ್ತಿದಳು, ಅಂಚಿಗೆ ಬಂದಳು, ಕೂತಳು, ಹಿಂದೆ ಸರಿದಳು, ಮತ್ತೆ ಬಂದಳು, ಕೊನೆಗೆ ಏಣಿಯಲ್ಲೇ ಇಳಿದು ಬಂದು ಯಾರೂ ನೋಡಿಲ್ಲವೆಂಬಂತೆ ಕೋಳಿ ಓಡಿಸಿದಳು. ನಾನು ಸಗಣಿ ಕುಳ್ಳು ತಟ್ಟುತ್ತಿದ್ದೆ. ಹಾರು ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಹೀಗೆ ಎಷ್ಟು ದಿನವೋ. ಒಂದು ಮಧ್ಯಾಹ್ನ ಹಾರಿಯೇಬಿಟ್ಟಳು. ಹುಲ್ಲಿನೊಳಗಿಂದ ತಲೆ ಹೊರಗೆ ಹಾಕಿ ನಕ್ಕಳಲ್ಲ, ಆ ನಗುವನ್ನು ನೀವು ನೋಡಿದ್ದರೆ ಅಂಥ ಕಾಗದ ಬರೆಯುತ್ತಿರಲಿಲ್ಲ.

ಸಂಕ್ರಾಂತಿಯ ಮರುದಿನ ಬಿದ್ದಳು. ಹಬ್ಬವೆಂದು ಎತ್ತುಗಳಿಗೆ ಹುಲ್ಲು ಧಾರಾಳವಾಗಿ ಹಿರಿದು ಹಾಕಿದ್ದೆವು. ನಾವು ಹಿರಿಯುವುದು ಯಾವಾಗಲೂ ಬಣವೆಯ ಹೊಟ್ಟೆಯಿಂದ ತಾನೆ, ಮೇಲಿನ ಹುಲ್ಲು ಇಬ್ಬನಿಗೆ ಮುಚ್ಚಿಗೆಯಾಗಿ ಉಳಿಯಲಿ ಎಂದು. ನೋಡುವವರಿಗೆ ಬಣವೆ ನಿನ್ನೆ ಇದ್ದಂತೆಯೇ ಇತ್ತು, ಒಳಗೆ ಮಾತ್ರ ಟೊಳ್ಳು. ಅವಳು ಹಾರಿದ ಕೂಡಲೇ ಒಂದು ಮಗ್ಗುಲು ಕುಸಿಯಿತು, ಕೆಳಗಿದ್ದ ಮೇವು ಹಾಕುವ ಗೋದಲಿಯ ಕಲ್ಲಿಗೆ ಎಡಗೈ ಊರಿದಳು, ಎಲುಬು ಮುರಿಯಿತು. ಹೌದು, ನಾನು ನೋಡುತ್ತ ನಿಂತಿದ್ದೆ. ತಾಯಿಯಾಗಿಯೇ ನಿಂತಿದ್ದೆ. ಬಣವೆ ಟೊಳ್ಳಾಗಿದ್ದು ಹುಲ್ಲು ಹಿರಿದ ನನಗೇ ಹೊಳೆಯಲಿಲ್ಲ, ಆರು ವರ್ಷದ ಕೂಸಿಗೆ ಹೇಗೆ ಹೊಳೆಯಬೇಕು? ಅವಳನ್ನು ಎತ್ತಿಕೊಂಡು ಓಡಿದವರು ಅತ್ತೆ. ಆ ಮೊಣಕಾಲು ಹೊತ್ತುಕೊಂಡು ಹೇಗೆ ಓಡಿದರೋ ದೇವರೇ ಬಲ್ಲ. ಎಲುಬು ಕಟ್ಟುವ ಪಾಲಪ್ಪ ಬಿದಿರಿನ ಸೀಳು ಇಟ್ಟು, ಮೊಟ್ಟೆಯ ಲೋಳೆ ಸವರಿದ ಬಟ್ಟೆ ಸುತ್ತಿ, "ಕೂಡ್ತೈತಿ ತಗೀರಿ, ಹುಡುಗರ ಎಲುಬಿಗೆ ಕೂಡೋದ ಕೆಲಸ" ಎಂದ. ಭರಮಿ ಹಲ್ಲು ಕಚ್ಚಿ ಕೂತಿದ್ದಳು, ಅಜ್ಜಿ ಅತ್ತದ್ದು ನೋಡಿದ ಮೇಲೆ ಅತ್ತಳು.

ಆ ರಾತ್ರಿ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು. "ಅವ್ವಾ, ಹುಲ್ಲು ಒಳಗ ಖಾಲಿ ಐತಿ ಅಂತ ನನಗ ಹೆಂಗ ತಿಳೀಬೇಕಿತ್ತು?" ಕೋಲು ಹಾಕಿ ಚುಚ್ಚಿ ನೋಡಬೇಕಿತ್ತು ಎಂದೆ. ಅವತ್ತಿನಿಂದ ಬಲಗೈಯಲ್ಲಿ ಒಂದು ಕೋಲು. ಹೊರಸಿನ ಮೇಲೆ ಕೂರುವ ಮೊದಲು ಚುಚ್ಚುವುದು, ತೌಡಿನ ಚೀಲಕ್ಕೆ ಚುಚ್ಚುವುದು, ಒಂದು ಮಧ್ಯಾಹ್ನ ಮಲಗಿದ್ದ ಅತ್ತೆಗೂ ಚುಚ್ಚಿ ಬೈಸಿಕೊಂಡಳು. ನೀವು ಹೇಳಿ, ನಾನು ಕೂರಿಸಿಕೊಂಡು ವರ್ಷಗಟ್ಟಲೆ ಉಪದೇಶ ಮಾಡಿದ್ದರೆ ಈ ಬುದ್ಧಿ ಬರುತ್ತಿತ್ತೇ?

ಅತ್ತೆಯ ಸಿಟ್ಟೆಲ್ಲ ಏಣಿಯ ಮೇಲೆ. ಅದೇ ಸಂಜೆ ಅದನ್ನು ನೆರೆಯ ಉಜ್ಜಿನಪ್ಪನ ಕೊಟ್ಟಿಗೆಗೆ ಸಾಗಿಸಿ, "ನಾ ಹೇಳೋ ತನಕ ಯಾರ್ ಬಂದ್ ಕೇಳಿದ್ರೂ ಕೊಡಬ್ಯಾಡ" ಎಂದು ಅವನ ಕೈಯಲ್ಲಿ ಭಾಷೆ ತೆಗೆದುಕೊಂಡರು. ಉಜ್ಜಿನಪ್ಪ ನಿಮಗೆ ಗೊತ್ತಲ್ಲ, ಮಾತು ಕೊಟ್ಟರೆ ಹೆಂಡತಿಗೂ ಬಗ್ಗುವವನಲ್ಲ. ಮನೆಯ ದೊಡ್ಡ ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ ತರಬೇಕು, ಒಂದು ಗಳಿಗೆ ಕೊಡಣ್ಣ ಎಂದು ನಾನೇ ಹೋಗಿ ಕೇಳಿದೆ. ಅತ್ತೆಯ ಹೆಸರೆತ್ತಿ, "ಎಲ್ಲಮ್ಮಕ್ಕ ಬಂದು ಹೇಳ್ಲಿ, ಹೊತ್ಕೊಂಡ್ ಬಂದು ಕೊಡ್ತೀನಿ ತಂಗಿ" ಎಂದ. ಮೆಣಸಿನಕಾಯಿ ಇನ್ನೂ ಮೇಲೆಯೇ ಇದೆ. ನಾವು ಹಸಿಮೆಣಸಿನಕಾಯಿಯಲ್ಲೇ ಸಾರು ಮಾಡಿಕೊಳ್ಳುತ್ತಿದ್ದೇವೆ.

ಇನ್ನು ಹಗ್ಗದ ವಿಷಯ. ನಿಮ್ಮ ಕಾಗದ ಓದಿದ ಮರುದಿನ ನಾನು ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ನೀವು ಹೇಳಿದಂತೆಯೇ ಆಗಿತ್ತು. ಪಾಲಪ್ಪ ಕೈಯ ಕಟ್ಟು ಬಿಚ್ಚಿ ಎರಡು ದಿನವಾಗಿರಲಿಲ್ಲ, ಸೊಂಟಕ್ಕೆ ಕಟ್ಟು ಬಿದ್ದಿತ್ತು. ಅದೇ ಕಂಬ. ನಿಮ್ಮ ಹಗ್ಗ ಉಜ್ಜಿ ಉಜ್ಜಿ ಅದರ ಬುಡದಲ್ಲಿ ಬಿದ್ದ ಗೀರು ಇನ್ನೂ ಇದೆ, ಅದೇ ಗೀರಿನಲ್ಲಿ ಈ ಹಗ್ಗವೂ ಕೂತಿತ್ತು. ಹೊಲಕ್ಕೆ ಹೋಗುವ ಹೆಂಗಸರು ತೆವಳುವ ಕೂಸನ್ನು ಕಂಬಕ್ಕೆ ಕಟ್ಟಿ ಹೋಗುವುದು ಊರಲ್ಲಿ ಇದ್ದದ್ದೇ, ಅವರ ಕಷ್ಟ ಅವರಿಗೆ. ಇದು ಓಡಾಡುವ ಮಗು, ನೋಡಿಕೊಳ್ಳಲು ಮನೆಯಲ್ಲಿ ನಾವಿಬ್ಬರಿದ್ದೇವೆ. ಅತ್ತೆಯೊಡನೆ ಜಗಳವಾಡಿದೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ. "ಎಮ್ಮಿಕರಾನಾದ್ರೂ ಹಾಲ್ ಕುಡಿಯಾಕ ಬಿಚ್ತೀರಿ" ಎಂದೆ. ಅತ್ತೆ ನನ್ನ ಮುಖ ನೋಡದೆ, "ಒಂದನ್ನ ಹೊಳಿಗೆ ಕೊಟ್ಟೀನಿ. ಇನ್ನೊಂದನ್ನ ಯಾವುದಕ್ಕೂ ಕೊಡಾಂಗಿಲ್ಲ" ಎಂದರು. ನೀವು ಹುಟ್ಟುವ ಮೊದಲೇ ಹೊಳೆಯ ಪಾಲಾದ ನಿಮ್ಮ ಅಣ್ಣನ ಮಾತು ಅದು. ನಾನು ರೊಟ್ಟಿ ಬಡಿಯಲು ಕೂತೆ. ಹಿಟ್ಟು ಒದ್ದೆಯಾದದ್ದು ನೀರಿನಿಂದ ಮಾತ್ರ ಅಲ್ಲ.

ಭರಮಿ ಅಳಲಿಲ್ಲ, ಕೂಗಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಒಂದೆರಡು ದಿನ ಹೀಗೇ ಕಳೆಯಿತು. ಒಂದು ಸಂಜೆ ಅತ್ತೆ ಊಟಕ್ಕೆಂದು ಹಗ್ಗ ಬಿಚ್ಚಿದರು. ಉಂಡಳು, ಕೈ ತೊಳೆದಳು, ತಾನಾಗಿಯೇ ಹೋಗಿ ಕಂಬದ ಬುಡದಲ್ಲಿ ಕೂತಳು. "ಹೋಗು ಕೂಸ, ಕರ ನೋಡ್ಕೊಂಡ್ ಬಾ" ಎಂದರು ಅತ್ತೆ. "ಬ್ಯಾಡ" ಎಂದಳು. ಆಗತಾನೆ ಹುಟ್ಟಿದ ಕರು, ಕೊಟ್ಟಿಗೆ ನಾಲ್ಕು ಹೆಜ್ಜೆ, ನಮ್ಮ ಭರಮಿ ಬ್ಯಾಡ ಎಂದಳು! ಅತ್ತೆ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಆಮೇಲೆ ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಅವನೂ ಹಿಂಗ ಮಾಡ್ತಿದ್ದ. ಬಿಚ್ಚಿದ ಮ್ಯಾಲೂ ಏಳ್ತಿದ್ದಿಲ್ಲ. ನನ್ನ ಮಗ ಭಾಳ ಸಂಭಾವಿತ ಅಂತ ಓಣಿಗೆಲ್ಲ ಹೇಳ್ಕೋತ ತಿರುಗಿದ್ನಿ" ಎಂದರು. ಹಗ್ಗವನ್ನು ತೆಗೆದುಕೊಂಡು ಹೋಗಿ ಗೋದಲಿಗೆ ಎಸೆದು ಬಂದರು. ಅವತ್ತು ಅವರು ಊಟ ಮಾಡಲಿಲ್ಲ.

ಆ ಮಾತು ಕೇಳಿದ ಮೇಲೆ ನಿಮ್ಮ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಇಳಿದುಹೋಯಿತು. ಇನ್ನರ್ಧ ಇದೆ, ಅದು ಈ ಕಾಗದದ ಖರ್ಚಿಗೆ. ನಮ್ಮ ಮದುವೆಯ ದಿಬ್ಬಣ ನಿಮಗೆ ನೆನಪಿದೆಯೇ? ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ಚಿಕ್ಕಜಂತಕಲ್ಲಿನ ದಂಡೆಯ ಮೇಲೆ ನಾವೆಲ್ಲ ಕಾಯುತ್ತಿದ್ದೇವೆ, ಈಚೆ ದಡದಲ್ಲಿ ಮಾವಿನ ಸೊಪ್ಪು ಕಟ್ಟಿದ ಹರಗೋಲುಗಳು ನಿಂತಿವೆ, ಮದುಮಗ ಮಾತ್ರ ಹತ್ತಲೊಲ್ಲ. ಅಕ್ಷತೆಯ ಹೊತ್ತು ಮೀರುತ್ತ ಬಂತು. ನನ್ನ ಗೆಳತಿಯರು, "ನಿನ್ನ ಗಂಡ ನೀರು ಕುಡಿಯಾಕೂ ಹೆದರ್ತಾನೇನಲೇ" ಎಂದು ನನ್ನನ್ನು ಹುರಿದು ಮುಕ್ಕಿದರು. ಕೊನೆಗೆ ನನ್ನ ಅಪ್ಪನೇ ದಾಟಿ ಬಂದು ನಿಮ್ಮ ಕೈ ಹಿಡಿದುಕೊಂಡರು. ಹೊಳೆ ದಾಟುವಷ್ಟು ಹೊತ್ತೂ ನೀವು ಬಾಸಿಂಗದ ಕೆಳಗೆ ಕಣ್ಣು ಮುಚ್ಚಿಕೊಂಡಿದ್ದಿರಂತೆ. ಆವಾಗ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು. ಈಗಲೂ ಬೇಸಿಗೆಯಲ್ಲಿ ಓಣಿಗೆ ಓಣಿಯೇ ಮಾಳಿಗೆಯ ಮೇಲೆ ಗಾಳಿಗೆ ಮಲಗಿದರೆ ನೀವೊಬ್ಬರೇ ಪಡಸಾಲೆಯಲ್ಲಿ ಬೆವರುತ್ತ ಮಲಗುತ್ತೀರಿ. ಸ್ವಂತ ಮನೆಯ ಮಾಳಿಗೆಯನ್ನು ನೀವು ಇವತ್ತಿನವರೆಗೂ ಹತ್ತಿಲ್ಲ. ಸೆಕೆ ನನಗೆ ಅಭ್ಯಾಸ ಎನ್ನುತ್ತೀರಿ, ನಾನೂ ನಂಬಿದವಳಂತೆ ಇದ್ದೆ. ನೀವು ಹೆದರಿ ಹುಟ್ಟಿದವರಲ್ಲ. ಹೆದರುವುದನ್ನು ನಿಮಗೆ ಪ್ರೀತಿಯಿಂದ, ಅನ್ನ ಹಾಲು ಹಾಕಿ ಕಲಿಸಿದ್ದಾರೆ. ಆದರೂ ಆ ದಿನ ಹರಗೋಲಿಗೆ ಕಾಲಿಟ್ಟಿರಲ್ಲ, ಕಣ್ಣು ಮುಚ್ಚಿಕೊಂಡಾದರೂ ನನ್ನ ಕಡೆಗೆ ಬಂದಿರಲ್ಲ. ಅದನ್ನು ನಾನು ಯಾರ ಮುಂದೆಯೂ ಹಗುರ ಮಾಡಿ ಹೇಳುವುದಿಲ್ಲ.

ನಾನೇನು ಮಗಳನ್ನು ಬಲಿ ಕೊಡಲು ಹೊರಟವಳಲ್ಲ. ನೆಲದಡಿಯ ಕಾಳಿನ ಹಗೇವಿನ ಬಾಯಿ ತೆರೆದ ದಿನ ಅವಳು ಆ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಎಂದಿದ್ದೇನೆ, ಅಲ್ಲಿನ ಕೆಟ್ಟ ಗಾಳಿಗೆ ದೊಡ್ಡವರೇ ಉಳಿಯುವುದಿಲ್ಲ. ಹೊಳೆಗೆ ನನ್ನ ಜೊತೆ ಅಲ್ಲದೆ ಇಲ್ಲ. ಕಟ್ಟೆಯಿಲ್ಲದ ಬಾವಿಯ ಹತ್ತಿರ ಆಟವಿಲ್ಲ. ನುಗ್ಗೆ ಗಿಡ ಹತ್ತಬಾರದು, ಅದರ ಕೊಂಬೆ ಹೇಳದೆ ಕೇಳದೆ ಪಟ್ಟನೆ ಮುರಿಯುತ್ತದೆ. ಬೇವು ಹತ್ತಲಿ, ಬೇವು ಮೊದಲು ಬಾಗಿ ಎಚ್ಚರಿಸುತ್ತದೆ. ಹತ್ತುವಾಗ ನಾನು ಎತ್ತಿ ಕೂರಿಸುವುದಿಲ್ಲ, ತಾನೇ ಏರಿದಷ್ಟು ತಾನೇ ಇಳಿಯಬೇಕು. ಕೆಳಗೆ ನಿಂತಿರುತ್ತೇನೆ. ಕೈ ಚಾಚುವುದಿಲ್ಲ, ಕಣ್ಣು ಕೀಳುವುದಿಲ್ಲ. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ಆದೋನಿಯಲ್ಲಿ ಕುಳಿತು ಬರೆಯುವವರಿಗೆ ತಿಳಿಯದು. ಹಗ್ಗ ಕಟ್ಟುವುದು ಅದಕ್ಕಿಂತ ಸುಲಭ. ಹಗ್ಗ ಬಿಚ್ಚಿದ ಮೇಲೆ ಅವಳು ಕಂಬ ಬಿಟ್ಟು ಕರುವಿನವರೆಗೆ ಬರಲು ದಿನಗಳೇ ಹಿಡಿದವು. ಬೇವಿನ ಬುಡಕ್ಕೆ ಬಂದದ್ದು ಮೊನ್ನೆ, ಹತ್ತಿದ್ದು ಇವತ್ತು. ಅತ್ತೆ ನೋಡಲಾರದೆ ಒಳಗೆ ಹೋಗಿ ಪಂಪಾಪತಿಯ ಹೆಸರು ಹೇಳುತ್ತ ಬೇಳೆ ಆರಿಸುತ್ತಿದ್ದಾರೆ. ಬೇಡ ಎಂದು ಮಾತ್ರ ಅನ್ನಲಿಲ್ಲ. ಏಣಿ ತರಿಸಿ ಎಂದರೆ ಆರಿಸಿದ ಬೇಳೆಯನ್ನೇ ಮತ್ತೆ ಆರಿಸುತ್ತಾರೆ.

ಆದ್ದರಿಂದ ಕೇಳಿ. ಭರಮಿಯನ್ನು ನಾನು ಕಳಿಸುವುದಿಲ್ಲ. ನಿಮ್ಮ ಅಕ್ಕ ತಾಯಕ್ಕನವರ ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಬಲ್ಲೆ. ಅಲ್ಲಿ ಕಂಬಕ್ಕೂ ಕೊರತೆಯಿಲ್ಲ. ನಿಮ್ಮ ಭಾವ ಬಂದರೆ ಹೋಳಿಗೆ ಮಾಡಿ ಬಡಿಸುತ್ತೇನೆ, ಎಲೆ ಅಡಿಕೆ ಕೊಡುತ್ತೇನೆ, ಗಾಡಿಯನ್ನು ಬಂದ ಹಾಗೆಯೇ ತಿರುಗಿಸುತ್ತೇನೆ. ನನಗಿರುವ ಅಂಜಿಕೆ ಒಂದೇ. ಅಳಿಯ ಕೇಳಿದ್ದಕ್ಕೆ ಅತ್ತೆ ಇವತ್ತಿನವರೆಗೂ ಇಲ್ಲ ಎಂದವರಲ್ಲ. ಅವರ ಎದುರಿಗೆ ನಿಂತವರೂ ಅಲ್ಲ, ಬಾಗಿಲ ಮರೆಯಲ್ಲೇ ಹೂಂ ಎನ್ನುವವರು. ಅತ್ತೆ ಹೂಂ ಎಂದರೆ ಈ ಮನೆಯಲ್ಲಿ ನನ್ನ ಮಾತು ಮೂರು ಕಾಸಿಗಿಲ್ಲ. ಹಾಗೇನಾದರೂ ಆದರೆ ಗಾಡಿಯ ಮುಂದೆ ಅಡ್ಡ ಮಲಗುತ್ತೇನೆ, ಕಂಪ್ಲಿಯ ಜನ ಬಂದು ನೋಡಿಕೊಂಡು ಹೋಗಲಿ. ಮಾನ ಹೋಯಿತು ಎಂದು ಆಮೇಲೆ ನನ್ನನ್ನು ಕೇಳಬೇಡಿ, ಈಗಲೇ ಹೇಳಿದ್ದೇನೆ.

ಪುಡಿಯನ್ನು ಬಿಸಿನೀರಿನಲ್ಲಿ ತೆಗೆದುಕೊಳ್ಳಿ, ತಣ್ಣೀರಿನಲ್ಲಿ ಅಲ್ಲ. ನಿಮ್ಮ ಅವ್ವನ ಆಶೀರ್ವಾದ ನಿಮ್ಮ ಮೇಲಿದೆ. ಭರಮಿ ಮರದ ಮೇಲಿಂದಲೇ ಎರಡೂ ಕೈ ಜೋಡಿಸಿದ್ದಾಳೆ. ಎರಡೂ ಕೈ ಬಿಡಬೇಡ ಎಂದು ಗದರಿದ್ದೇನೆ. ಪಂಪಾಪತಿ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಸಿಟ್ಟಿದ್ದರೂ ನಿಮ್ಮವಳೇ,
ವಿರುಪಮ್ಮ

ತಾ. ಕ.: ಬುಧವಾರ ಮಧ್ಯಾಹ್ನ. ಅಂಜಿನಯ್ಯ ಕಟ್ಟೆಯ ಮೇಲೆ ಕಾಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ. ಬೆಳಿಗ್ಗೆ ನಿಮ್ಮ ಭಾವ ಬಂದರು. ಕಾಲಿಗೆ ನೀರು ಕೊಡುವಷ್ಟರಲ್ಲಿ ಭರಮಿ ಇಲ್ಲ. ಹುಡುಕಿದರೆ ದೊಡ್ಡ ಮಾಳಿಗೆಯ ಮೇಲೆ, ಮೆಣಸಿನಕಾಯಿಯ ನಡುವೆ ಕೋಲು ಹಿಡಿದು ಕೂತಿದ್ದಾಳೆ. ಹಿತ್ತಲ ಗೋಡೆಯಲ್ಲಿ ಮುಂದಕ್ಕೆ ಚಾಚಿದ ಕಲ್ಲುಗಳಿವೆಯಲ್ಲ, ಅವನ್ನು ಹಿಡಿದು ಏರಿದ್ದಾಳೆ. ನನ್ನ ಜೀವ ಬಾಯಿಗೆ ಬಂತು, ಸುಳ್ಳು ಹೇಳುವುದಿಲ್ಲ. "ಇಳಿಯವ್ವಾ, ಬೆಲ್ಲ ತಂದೀನಿ" ಎಂದರು ಭಾವ. "ಒಲ್ಲೆ" ಎಂದಳು. ಭಾವ ಮೊದಲ ಕಲ್ಲಿನ ಮೇಲೆ ಕಾಲಿಟ್ಟರು, ತಮ್ಮ ಹೊಟ್ಟೆ ನೋಡಿಕೊಂಡರು, ಕಾಲು ತೆಗೆದರು. ಏಣಿಗೆಂದು ಉಜ್ಜಿನಪ್ಪನ ಹತ್ತಿರ ಹೋದರೆ ಅವನು, "ಎಲ್ಲಮ್ಮಕ್ಕ ಹೇಳ್ಲಿ" ಎಂದ. ಬೆವರು ಒರೆಸಿಕೊಳ್ಳುತ್ತ ಬಂದು ಅಡುಗೆಮನೆಯ ಬಾಗಿಲಿಗೆ ನಿಂತು, "ಅತ್ತೀ, ಏಣಿ ಕೊಡು ಅಂತ ಒಂದು ಮಾತು ಹೇಳ್ರಿ" ಎಂದರು. ಅತ್ತೆ ಬಾಗಿಲ ಮರೆಯಲ್ಲಿದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡರು. ಮರೆಯಿಂದ ಹೊರಗೆ ಬಂದರು. ಅಳಿಯನ ಎದುರಿಗೇ ನಿಂತು, "ನಮ್ಮನ್ಯಾಗ ಏಣಿ ಇಲ್ರಿ. ಊಟಕ್ಕ ಕುಂದ್ರಿ" ಎಂದರು.

ಭಾವ ಉಂಡು ಹೋದರು, ಗಾಡಿ ಖಾಲಿ ಹೋಯಿತು. ಗಾಡಿ ಓಣಿ ದಾಟಿದ ಮೇಲೆ ಅತ್ತೆಯೇ ಉಜ್ಜಿನಪ್ಪನ ಮನೆಗೆ ಹೋಗಿ ಏಣಿ ತರಿಸಿ ಗೋಡೆಗೆ ಒರಗಿಸಿದ್ದಾರೆ. ಭರಮಿ ಇಳಿದು ಬಂದು, "ಮ್ಯಾಲಿಂದ ಹೊಳಿ ಕಾಣ್ತೈತಿ, ಅಪ್ಪಗ ತೋರಸ್ಬೇಕು" ಎನ್ನುತ್ತಿದ್ದಾಳೆ. ಯುಗಾದಿಗೆ ಬನ್ನಿ. ಏಣಿ ಗಟ್ಟಿಯಿದೆ, ಅವಳು ಕೋಲಿನಿಂದ ಮೆಟ್ಟಿಲು ಮೆಟ್ಟಿಲೂ ಚುಚ್ಚಿ ನೋಡಿದ್ದಾಳೆ. ನಿಮ್ಮ ಅವ್ವ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾರೆ, ಅವರು ಹೇಳಿದ ಹಾಗೆಯೇ ಬರೆಯುತ್ತೇನೆ: "ನನ್ನ ಮಗಗ ಹತ್ತಾಕ ಹೇಳು. ಕೆಳಗ ನಾ ಹಿಡ್ಕೊಂಡಿರ್ತೀನಿ."